ಸಂಬಳ ಹೆಚ್ಚಿಸಿರೆಂದು ಕೇಳುವ ಬಗೆ

ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದು ನೆಲೆಸಿದ ನಮ್ಮವರಿಗೆ ಅತ್ಯಂತ ಕಠಿಣವೆನಿಸುವ ಮಾತು ಯಾವುದೆಂದು ಯಾರಾದರೂ ಕೇಳಿದರೆ, ‘ಧಣಿಗಳೇ, ನನ್ನ ಸಂಬಳವನ್ನು ಸ್ವಲ್ಪ ಹೆಚ್ಚಿಸಬೇಕು’ ಎಂಬ ವಾಕ್ಯವೇ ಎಂದು ನಾನು ನಿಸ್ಸಂಶಯವಾಗಿ ಹೇಳಬಲ್ಲೆ. ಎಂಟು ಮೇಜುಗಳ ಆರ್ಡರನ್ನು ಚೀಟಿಯಿಲ್ಲದೆ ನೆನಪಿಟ್ಟುಕೊಳ್ಳುವ ಮಾಣಿಗೂ, ವರ್ಷದ ಲೆಕ್ಕವನ್ನು ಒಂದು ಪೈಸೆಯ ವ್ಯತ್ಯಾಸವಿಲ್ಲದೆ ತಾಳೆಹಾಕಬಲ್ಲ ಗುಮಾಸ್ತನಿಗೂ ಈ ಮಾತು ಗಂಟಲಲ್ಲಿಯೇ ಉಳಿದುಬಿಡುತ್ತದೆ.

ಪತ್ರಿಕೆಯ ಕೆಲಸಕ್ಕೆ ಬರುವ ಮುನ್ನ ನಾನು ಹಲವು ವರ್ಷ ಹೋಟೆಲಿನ ಗಲ್ಲಾದ ಹಿಂದೆ ಕುಳಿತವನು. ಆದುದರಿಂದ ಈ ಮಾತನ್ನು ಕೇಳಿಸಿಕೊಳ್ಳುವವನ ಮನಸ್ಸು ನನಗೆ ತಿಳಿದಿದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನನ್ನಲ್ಲಿ ಕುಂದಾಪುರದ ಕಡೆಯ ಹುಡುಗನೊಬ್ಬ ನಾಲ್ಕು ವರ್ಷ ದುಡಿದ. ಗಿರಾಕಿಗಳು ಅವನ ಮೇಜನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವನು ಒಮ್ಮೆಯೂ ಸಂಬಳದ ಮಾತೆತ್ತಲಿಲ್ಲ. ಆ ಮೌನವನ್ನು ನಾನು ತೃಪ್ತಿಯೆಂದೇ ತಿಳಿದೆ. ಒಂದು ದಿನ, ‘ಧಣಿಗಳೇ, ಅಮ್ಮನಿಗೆ ಸೌಖ್ಯವಿಲ್ಲ, ಊರಿಗೆ ಹೋಗಿ ಬರುತ್ತೇನೆ’ ಎಂದ. ‘ಹೋಗಿ ಬಾ ಮಾರಾಯ’ ಎಂದು ಬಸ್ಸಿನ ಖರ್ಚನ್ನೂ ಕೊಟ್ಟೆ. ತಿಂಗಳು ಕಳೆದ ಮೇಲೆ ಪಕ್ಕದ ಬೀದಿಯ ಹೋಟೆಲಿನಲ್ಲಿ ಅವನೇ ನನ್ನ ಮುಂದೆ ನೀರಿನ ಲೋಟ ತಂದಿರಿಸಿದ. ತಿಂಗಳಿಗೆ ಸಾವಿರ ರೂಪಾಯಿ ಹೆಚ್ಚು ಸಿಕ್ಕಿತ್ತು. ‘ನನ್ನನ್ನೇ ಕೇಳಬಾರದಿತ್ತೇ?’ ಎಂದೆ. ‘ಕೇಳಲು ನಾಚಿಕೆಯಾಯಿತು’ ಎಂದು ತಲೆ ತಗ್ಗಿಸಿದ. ಕೇಳಿದ್ದರೆ ಅದಕ್ಕಿಂತಲೂ ಹೆಚ್ಚು ಕೊಡುತ್ತಿದ್ದೆ. ತಾಯಿಯ ಹೆಸರಿನಲ್ಲಿ ಸುಳ್ಳಾಡುವುದು ಅವನಿಗೆ ಸಂಬಳ ಕೇಳುವುದಕ್ಕಿಂತ ಸುಲಭವಾಗಿ ತೋರಿತು! ಆದರೆ ತಪ್ಪು ಮೊದಲಿಗೆ ನನ್ನದೇ. ಪ್ರತಿ ರಾತ್ರಿ ಗಲ್ಲಾ ಎಣಿಸುತ್ತಿದ್ದ ನಾನು ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಅವನ ಸಂಬಳದ ಪುಟವನ್ನು ತಿರುವಿ ನೋಡಿರಲಿಲ್ಲ.

ಕೇಳುವ ಮೊದಲು ಹಕ್ಕು ಯಾವುದು, ಕೋರಿಕೆ ಯಾವುದು ಎಂಬುದನ್ನು ಬೇರ್ಪಡಿಸಿಕೊಳ್ಳಬೇಕು. 1948ರ ಕನಿಷ್ಠ ವೇತನ ಕಾಯಿದೆಯ ಸ್ಥಾನದಲ್ಲಿ ಈಗ 2019ರ ವೇತನ ಸಂಹಿತೆಯಿದೆ. ಅದು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಸರಕಾರ ಗೊತ್ತುಪಡಿಸಿದ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. ತಿಂಗಳ ಸಂಬಳ ಮುಂದಿನ ತಿಂಗಳ 7ನೆಯ ತಾರೀಕಿನೊಳಗೆ ಕೈಸೇರಬೇಕು. ಗೊತ್ತಾದ ವೇಳೆಯನ್ನು ಮೀರಿ ದುಡಿಸಿದರೆ ಇಮ್ಮಡಿ ದರ ಸಲ್ಲಬೇಕು. ಸಂಬಳದ ಚೀಟಿ ಕೊಡಬೇಕು. ಬಾಕಿಗಾಗಿ ದೂರು ಕೊಡಲು 3 ವರ್ಷಗಳ ಅವಧಿಯಿದೆ. ಇವನ್ನು ಕೈಜೋಡಿಸಿ ಬೇಡಬೇಕಾಗಿಲ್ಲ, ಇವು ಸಲ್ಲತಕ್ಕವು. ಇದಕ್ಕೆ ಮೇಲ್ಪಟ್ಟು, ನಿಮ್ಮ ಕೆಲಸದ ಯೋಗ್ಯತೆಗಾಗಿ ಕೇಳುವುದೇ ನಿಜವಾದ ಸಂಬಳ ಹೆಚ್ಚಳ.

ಎರಡನೆಯದಾಗಿ, ಲೆಕ್ಕ ಹಾಕಿಕೊಳ್ಳಿರಿ. ಮೂರು ವರ್ಷಗಳ ಹಿಂದೆ ನಿಮ್ಮ ಸಂಬಳ 15,000 ರೂಪಾಯಿ ಇತ್ತೆನ್ನಿ; ಬೆಲೆಗಳು ವರ್ಷಕ್ಕೆ ಶೇಕಡಾ 5ರಂತೆ ಏರಿದುವೆನ್ನಿ. ಅಂದು 15,000ಕ್ಕೆ ಬರುತ್ತಿದ್ದ ಸಾಮಾನಿಗೆ ಇಂದು ಸುಮಾರು 17,364 ರೂಪಾಯಿ ಬೇಕು. ಸಂಬಳ ಇನ್ನೂ 15,000ದಲ್ಲಿಯೇ ನಿಂತಿದ್ದರೆ, ಅದು ನಿಂತಲ್ಲಿ ನಿಂತಿಲ್ಲ, ಇಳಿದಿದೆ. 17,300 ಕೇಳುವವನು ಹೊಸದಾಗಿ ಏನನ್ನೂ ಕೇಳುತ್ತಿಲ್ಲ. ತನ್ನ ಹಳೆಯ ಸಂಬಳವನ್ನೇ ಮರಳಿ ಕೇಳುತ್ತಿದ್ದಾನೆ. ಇದನ್ನು ಅರಿತವನಿಗೆ ನಾಚಿಕೆ ತಾನಾಗಿ ಕಡಿಮೆಯಾಗುತ್ತದೆ. ಹೋಟೆಲಿನವರು ಊಟ, ವಸತಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಧಣಿ ಅದನ್ನು ಎತ್ತಿ ಆಡುವುದು ಖಂಡಿತ.

ಮೂರನೆಯದು ಸಮಯ. ಮಧ್ಯಾಹ್ನ ಒಂದು ಗಂಟೆಗೆ, ಗಿರಾಕಿಗಳು ಜಾಗಕ್ಕಾಗಿ ಕಾದು ನಿಂತಿರುವಾಗ ಗಲ್ಲಾದ ಬಳಿ ಕೇಳಿದವನಿಗೆ ದೊರೆಯುವುದು ಗದರಿಕೆ ಮಾತ್ರ. ತಿಂಗಳ ಮೊದಲ ದಿನಗಳಲ್ಲಿ ಧಣಿಯ ತಲೆಯಲ್ಲಿ ಅಂಗಡಿಯ ಬಾಡಿಗೆ, ಗ್ಯಾಸ್ ಸಿಲಿಂಡರಿನ ಹೊಸ ಬೆಲೆ, ಕಿರಾಣಿಯ ಬಾಕಿಗಳೇ ತುಂಬಿರುತ್ತವೆ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಆರಂಭವಾಗುವ ನಡುವಿನ ಬಿಡುವೇ ಯೋಗ್ಯ ವೇಳೆ. ಕಛೇರಿಯ ಗುಮಾಸ್ತರು ಮಾರ್ಚಿ ಮುಗಿದ ಮೇಲೆ ಕೇಳುವುದಕ್ಕಿಂತ, ಮುಂದಿನ ವರ್ಷದ ಖರ್ಚಿನ ಅಂದಾಜು ತಯಾರಾಗುವ ಮೊದಲೇ, ಜನವರಿ-ಫೆಬ್ರವರಿಯಲ್ಲಿ ಅರ್ಜಿ ಕೊಡುವುದು ಲೇಸು.

ಇನ್ನು ಆಡಬೇಕಾದ ಮಾತು. ಮನೆಯ ಕಷ್ಟವನ್ನು ಹೇಳಿಕೊಂಡರೆ ಧಣಿ ಮರುಗಿ ಕೈಗಡ ಕೊಟ್ಟಾನು, ಸಂಬಳ ಹೆಚ್ಚಿಸಲಾರ. ಕೈಗಡ ತೀರಿಸಬೇಕಾದ ಸಾಲ. ಆದ್ದರಿಂದ ಕೆಲಸದ ಮಾತನ್ನೇ ಆಡಿರಿ. ‘ಭಟ್ಟರು ರಜೆಯಲ್ಲಿದ್ದಾಗ ದೋಸೆಯ ಕಾವಲಿಯನ್ನು ನಾನೇ ನೋಡಿಕೊಂಡೆ; ಹೊಸ ಹುಡುಗರಿಬ್ಬರಿಗೆ ಕೆಲಸ ಕಲಿಸಿದೆ; ಎರಡು ವರ್ಷಗಳಿಂದ ಸಂಬಳ ಏರಿಲ್ಲ; ತಿಂಗಳಿಗೆ ಎರಡು ಸಾವಿರ ಹೆಚ್ಚಿಸಬೇಕು’ ಎಂದರೆ ಸಾಕು. ಮೊತ್ತವನ್ನು ಸ್ಪಷ್ಟವಾಗಿ ಹೇಳಿ ಸುಮ್ಮನಾಗಬೇಕು. ‘ತಾವು ತಿಳಿದು ಕೊಟ್ಟಷ್ಟು’ ಎಂದವನಿಗೆ ಧಣಿ ತಿಳಿದಷ್ಟೇ ಕೊಡುತ್ತಾನೆ! ಜೊತೆಯವನ ಸಂಬಳದೊಡನೆ ಹೋಲಿಸಿ ಮಾತನಾಡಿದರೆ ನಿಮ್ಮ ಕೆಲಸದ ಮಾತು ಹಿಂದೆ ಬಿದ್ದು ಅವನ ಮಾತೇ ಮುಂದಾಗುತ್ತದೆ. ಬೇರೆ ಕಡೆ ಕೆಲಸ ಗಟ್ಟಿಯಾಗದೆ ‘ಬಿಟ್ಟು ಹೋಗುತ್ತೇನೆ’ ಎನ್ನಬೇಡಿರಿ. ‘ಹೋಗು’ ಎಂದುಬಿಟ್ಟರೆ ರಾತ್ರಿ ಮಲಗುವ ಜಾಗವೂ ತಪ್ಪೀತು.

ಧಣಿ ಇಲ್ಲವೆಂದರೆ ಅಲ್ಲಿಗೆ ಮುಗಿಯಿತೆಂದು ತಿಳಿಯಬೇಡಿರಿ. ‘ಹಾಗಾದರೆ ಯಾವ ತಿಂಗಳಲ್ಲಿ ಜ್ಞಾಪಿಸಲಿ?’ ಎಂದು ವಿನಯದಿಂದ ಕೇಳಿ, ಹೇಳಿದ ತಿಂಗಳನ್ನು ಬರೆದಿಟ್ಟುಕೊಂಡು, ಆ ತಿಂಗಳು ತಪ್ಪದೆ ಜ್ಞಾಪಿಸಿರಿ. ಹಣ ಸಿಗದಿದ್ದರೆ ಊರಿಗೆ ಹೋಗಲು ಸಂಬಳಸಹಿತ ರಜೆಯನ್ನೋ, ಸಂಜೆಯ ತರಗತಿಗೆ ಹೋಗಲು ಬಿಡುವನ್ನೋ ಕೇಳಬಹುದು.

ಕೊನೆಗೆ ಧಣಿಗಳಾದ ನನ್ನ ಸ್ನೇಹಿತರಿಗೂ ಒಂದು ಬಿನ್ನಹ. 1942ರಲ್ಲಿ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದ ಎ. ರಾಮ ನಾಯಕರು ಎಳೆಯ ಹುಡುಗನಾಗಿ ಅಡಿಗೆಮನೆಯಲ್ಲಿ ದುಡಿದು ಮೇಲೆ ಬಂದವರು. ನಮ್ಮಲ್ಲಿ ಅನೇಕರ ಕಥೆಯೂ ಅದೇ. ಗಲ್ಲಾದ ಆಚೆ ನಿಂತು ಸಂಬಳ ಕೇಳಲಾರದೆ ಹಿಂತಿರುಗಿದ ದಿನವನ್ನು ನಾವು ಮರೆಯಬಾರದು. ವರ್ಷಕ್ಕೊಮ್ಮೆ, ದೀಪಾವಳಿಯ ಲೆಕ್ಕದ ಪುಸ್ತಕ ತೆರೆಯುವ ಹೊತ್ತಿಗೆ, ಪ್ರತಿಯೊಬ್ಬ ಕೆಲಸಗಾರನ ಸಂಬಳದ ಪುಟವನ್ನೂ ತಿರುವಿ ನೋಡೋಣ. ಅಷ್ಟು ಮಾಡಿದ್ದರೆ ಆ ಹುಡುಗನಿಗೆ ತಾಯಿಯ ಕಾಯಿಲೆಯ ನೆವ ಹೇಳುವ ಪ್ರಸಂಗ ಬರುತ್ತಿರಲಿಲ್ಲ. ನನ್ನ ಗಿರಾಕಿಗಳೂ ಅವನ ಹಿಂದೆ ಪಕ್ಕದ ಬೀದಿಗೆ ಹೋಗುತ್ತಿರಲಿಲ್ಲ.