ಚೆಂಡು ಬರುವ ಮೊದಲೇ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಶಾಲೆಗಳಲ್ಲಿ ಕಬಡ್ಡಿಗಿರುವ ಮರ್ಯಾದೆ ಫುಟ್‌ಬಾಲಿಗೆ ಇನ್ನೂ ಬಂದಿಲ್ಲ. ಆದರೂ ಅಂಗಳಕ್ಕೆ ಒಂದು ಚೆಂಡು ಬಿದ್ದರೆ ಸಾಕು, ಮಕ್ಕಳೆಲ್ಲ ಅದರ ಹಿಂದೆ ಒಂದೇ ಗುಂಪಾಗಿ ಓಡುತ್ತಾರೆ. ‘ಇಲ್ಲಿ ಕೊಡ್ಲಾ, ಇಲ್ಲಿ ಕೊಡ್ಲಾ’ ಎಂದು ಎಲ್ಲರೂ ಕೂಗುವಾಗ ಚೆಂಡಿರುವವನಿಗೆ ಯಾವ ದಿಕ್ಕೂ ತೋಚದು. ಪಿ.ಟಿ. ಮೇಷ್ಟ್ರು ‘ಪಾಸ್ ಮಾಡ್ರೋ’ ಎಂದು ಗದರಿದರೆ ಗದ್ದಲಕ್ಕೆ ಇನ್ನೊಂದು ದನಿ ಸೇರುತ್ತದೆ, ಅಷ್ಟೆ. ಪಾಸ್ ಪಾಠವನ್ನು ಚೆಂಡಿಲ್ಲದ ಮಕ್ಕಳಿಂದ ಶುರುಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಒದೆಯುವ ಕ್ರಮ ಕಲಿಸುವುದು ಅಷ್ಟೇನೂ ಕಷ್ಟವಲ್ಲ. ಊರಿದ ಕಾಲು ಚೆಂಡಿನ ಪಕ್ಕದಲ್ಲಿ, ಒಂದು ಗೇಣಿನಷ್ಟು ದೂರದಲ್ಲಿ, ಪಾಸ್ ಹೋಗಬೇಕಾದ ಕಡೆಗೇ ಮುಖ ಮಾಡಿರಬೇಕು. ಇನ್ನೊಂದು ಪಾದವನ್ನು ಹೊರಕ್ಕೆ ತಿರುಗಿಸಿ, ಗೆಣ್ಣು ಸಡಿಲಬಿಡದೆ, ಒಳಮಗ್ಗುಲಿನಿಂದ ಚೆಂಡಿನ ನಡುವಿಗೆ ಹೊಡೆಯಬೇಕು. ತಳಕ್ಕೆ ತಾಗಿದರೆ ಚೆಂಡು ಎಗರುತ್ತದೆ. ಬರಿಗಾಲ ಮಕ್ಕಳು ನೋವಿಗೆ ಹೆದರಿ ಹೆಬ್ಬೆರಳಿನಿಂದ ಒದೆಯುವುದಿಲ್ಲ. ತುದಿಯಿಂದ ಒದೆಯುವ ಚಪಲ ಹತ್ತುವುದು ಶೂ ಬಂದ ಮೇಲೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹೆಚ್ಚಿನ ಆಟಗಾರರು ಬರಿಗಾಲಲ್ಲೇ ಆಡಿದ್ದರು. ಫ್ರಾನ್ಸ್ ವಿರುದ್ಧ 1–2ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಗೋಲು ಹೊಡೆದವರು ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಜೊತೆಗೂಡಿದ ಆ ಐವರ ಮುಂಪಡೆಯನ್ನು ಜನ ‘ಪಂಚಪಾಂಡವರು’ ಎಂದೇ ಕರೆದರು. ಆ ತಂಡ 1949ರಿಂದ 1951ರವರೆಗೆ ಸತತ ಮೂರು ವರ್ಷ ಐಎಫ್ಎ ಶೀಲ್ಡ್ ಗೆದ್ದಿತು.

ನಮ್ಮ ಅಂಗಳಗಳ ತೊಡಕು ಬೇರೆ. ಮಳೆಗೆ ಕೆಸರು, ಬೇಸಿಗೆಯಲ್ಲಿ ಗಟ್ಟಿ ನೆಲ, ನಡುವೆ ಕಲ್ಲು, ಗುಂಡಿ. ಇಂಥ ಕಡೆ ಮೆಲ್ಲಗೆ ಉರುಳಿಸಿದ ಚೆಂಡು ಪ್ರತಿ ಉಬ್ಬಿಗೂ ದಾರಿ ತಪ್ಪುತ್ತದೆ. ಕೊಂಚ ಬಿರುಸಾಗಿ ಕೊಟ್ಟದ್ದು ನೇರ ಹೋಗುತ್ತದೆ. ಪಡೆಯುವವನು ನಿಂತಲ್ಲೇ ಕಾಯದೆ ಎರಡು ಹೆಜ್ಜೆ ಎದುರು ಬಂದರೆ ಚೆಂಡು ಕ್ರಮಿಸಬೇಕಾದ ನೆಲ ಅಷ್ಟು ಕಡಿಮೆಯಾಗುತ್ತದೆ, ನಡುವೆ ನುಗ್ಗುವ ಎದುರಾಳಿಗೆ ಅವಕಾಶವೂ ಸಿಗದು. ಟಿ.ವಿ.ಯಲ್ಲಿ ಕಾಣುವ ಹುಲ್ಲಿನ ಅಂಗಳದ ಪಾಠವನ್ನು ಹಾಗೇ ಇಲ್ಲಿಗೆ ತರಬಾರದು ಎನ್ನುವುದು ಇದಕ್ಕೇ.

ಚೆಂಡು ಬರುವ ಮೊದಲೇ ಭುಜದ ಮೇಲಿಂದ ಹಿಂದೆ ಒಮ್ಮೆ ನೋಡುವ ಅಭ್ಯಾಸ ಎಲ್ಲಕ್ಕಿಂತ ಮುಖ್ಯ. ನಾರ್ವೆಯ ಸಂಶೋಧಕ ಗೈರ್ ಯೋರ್ಡೆಟ್ ಇಂಗ್ಲೆಂಡಿನ ವೃತ್ತಿಪರ ಆಟಗಾರರ ಕಣ್ಣಾಟವನ್ನು ಗಮನಿಸಿ, ಚೆಂಡು ಬರುವ ಮುನ್ನ ಹೆಚ್ಚು ಸಲ ಸುತ್ತ ನೋಡುವವರ ಪಾಸುಗಳು ಹೆಚ್ಚು ಗುರಿ ಮುಟ್ಟುತ್ತವೆ ಎಂದು ತೋರಿಸಿದ್ದಾರೆ.

ಇದನ್ನು ಮಕ್ಕಳಿಗೆ ಉಪನ್ಯಾಸದಿಂದ ಕಲಿಸಲಾಗದು. ಹತ್ತು ಹೆಜ್ಜೆ ಅಗಲದ ಚೌಕ ಗೀಚಿ ಪಾಸ್ ಮಾಡಲು ನಾಲ್ವರನ್ನು ಅಂಚಿಗೆ, ಚೆಂಡು ಕಸಿಯಲು ಒಬ್ಬನನ್ನು ನಡುವೆ ನಿಲ್ಲಿಸಿ. ಮೇಷ್ಟ್ರು ಸುತ್ತ ಅಡ್ಡಾಡುತ್ತ ಪಡೆಯುವ ಹುಡುಗನ ಬೆನ್ನ ಹಿಂದೆ ಬೆರಳು ಎತ್ತಲಿ. ಚೆಂಡು ತಾಗುವ ಮುಂಚೆ ಎಷ್ಟು ಬೆರಳೆಂದು ಹೇಳಿದರೆ ಮಾತ್ರ ಆ ಪಾಸ್ ಲೆಕ್ಕಕ್ಕೆ. ಶುರುವಿನಲ್ಲಿ ಎಲ್ಲರೂ ತಡವರಿಸುತ್ತಾರೆ, ನಗುತ್ತಾರೆ, ನಗಲಿ ಬಿಡಿ. ಆಮೇಲೆ ಇಬ್ಬರನ್ನು ನಡುವೆ ಬಿಡಬಹುದು. ಚೌಕ ಕಿರಿದಾದಷ್ಟೂ ಕಣ್ಣು ಚುರುಕಾಗಬೇಕಾಗುತ್ತದೆ. ಹನ್ನೆರಡರೊಳಗಿನವರಿಗೆ 4ನೇ ಸೈಜಿನ ಚೆಂಡು ಸಾಕು; 410ರಿಂದ 450 ಗ್ರಾಂ ತೂಗುವ 5ನೇ ಸೈಜು ದೊಡ್ಡವರದು.

ಕೂಗನ್ನು ನಿಲ್ಲಿಸುವುದು ಬೇಡ, ಅದನ್ನು ಸುದ್ದಿಯಾಗಿಸಿದರೆ ಆಯಿತು. ‘ಕೊಡ್ಲಾ’ ಎನ್ನುವ ಬದಲು ‘ಹಿಂದೆ ಅವ್ನೆ’, ‘ತಿರುಗ್ಲಾ’, ‘ಟೈಮ್ ಐತೆ’ ಎನ್ನಲಿ. ಚೆಂಡು ಹಿಡಿದವನ ಬೆನ್ನಿಗೆ ಕಣ್ಣಿಲ್ಲವಷ್ಟೆ, ಗೆಳೆಯನ ಕಣ್ಣು ಅವನ ಕಿವಿಗೆ ಬೀಳಬೇಕು.