ಮಂಕು ಕವಿದ ಮುಂಜಾವು

ಇರುಳಿನ ವಿಶ್ರಾಂತಿಯ ಅನಂತರ ಮನುಷ್ಯನು ಉಲ್ಲಾಸದಿಂದ ಏಳಬೇಕಾದುದು ಸಹಜವೆಂದು ನಾವು ತಿಳಿದಿದ್ದೇವೆ. ಖಿನ್ನತೆಯೆಂಬ ಕಾಯಿಲೆಗೆ ಗುರಿಯಾದ ಅನೇಕರಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಕೋಳಿ ಕೂಗುವ ಮೊದಲೇ ಎಚ್ಚರವಾಗುವುದು. ಎದೆಯ ಮೇಲೆ ಕಲ್ಲು ಹೇರಿದಂತಾಗುವುದು. ಮುಖ ತೊಳೆಯುವುದೂ ಬೆಟ್ಟ ಹತ್ತಿದಷ್ಟು ಪ್ರಯಾಸವೆನಿಸುವುದು. ಸಂಜೆಯ ಹೊತ್ತಿಗೆ ಅದೇ ವ್ಯಕ್ತಿ ನಾಲ್ಕು ಮಾತನಾಡಿ ನಕ್ಕಾನು. ಇದನ್ನು ಕಂಡ ಮನೆಯವರು, “ಕೆಲಸವಿದ್ದಾಗ ಮಾತ್ರ ಇವನಿಗೆ ಕಾಯಿಲೆ” ಎಂದು ಆಡಿಕೊಳ್ಳುವುದುಂಟು. ಇದು ಅನ್ಯಾಯದ ಮಾತು. ಬೆಳಿಗ್ಗೆ ಉಲ್ಬಣಿಸಿ ಸಂಜೆಗೆ ತಗ್ಗುವುದು ತೀವ್ರ ಖಿನ್ನತೆಯ ಒಂದು ಬಗೆಯಲ್ಲಿ ವೈದ್ಯರು ಗುರುತಿಸಿರುವ ಲಕ್ಷಣವೇ ಆಗಿದೆ.

ಮಿದುಳಿನ ತಳಭಾಗದಲ್ಲಿ, ಎರಡು ಕಣ್ಣುಗಳ ನರಗಳು ಸಂಧಿಸುವ ಸ್ಥಳದ ಮೇಲ್ಗಡೆ, ಜೀವಕೋಶಗಳ ಒಂದು ಪುಟ್ಟ ಜೋಡಿ ಗುಂಪಿದೆ. ನಿದ್ರೆ, ಶರೀರದ ಶಾಖ, ಕಾರ್ಟಿಸಾಲ್ ಎಂಬ ಹಾರ್ಮೋನಿನ ಏರಿಳಿತ ಇವಕ್ಕೆಲ್ಲ ಹೊತ್ತು ತಿಳಿಸುವ ಗಡಿಯಾರವಿದು. ಇದರ ದಿನ 24 ಗಂಟೆಗೆ ಸರಿಯಾಗಿ ಹೊಂದುವುದಿಲ್ಲವಾದ್ದರಿಂದ ಬೆಳಗಿನ ಬೆಳಕು ಇದರ ಮುಳ್ಳನ್ನು ನಿತ್ಯವೂ ಸರಿಪಡಿಸಬೇಕಾಗುತ್ತದೆ. ಊಟ, ಕೆಲಸ, ಜನರ ಒಡನಾಟ ಇವುಗಳ ನಿಯತ ವೇಳೆಯೂ ದಿನಕ್ಕೆ ಕಟ್ಟು ಕೊಡುತ್ತದೆ. ಬಾಗಿಲು ಮುಚ್ಚಿ ಹೊತ್ತೇರುವವರೆಗೆ ಮಲಗಿದವನಿಗೆ ಇವೆಲ್ಲವೂ ತಪ್ಪುತ್ತವೆ.

“ಮನಸ್ಸು ಸರಿಹೋದ ಮೇಲೆ ಏಳುತ್ತೇನೆ” ಎಂಬುದು ರೋಗಿಯ ವಾದ. ಅಮೆರಿಕದ ಮನೋವಿಜ್ಞಾನಿ ಚಾರ್ಲ್ಸ್ ಫರ್ಸ್ಟರ್ 1973ರಲ್ಲಿ ಈ ವಿಷಯವನ್ನು ಬೇರೊಂದು ದಿಕ್ಕಿನಿಂದ ನೋಡಿದನು. ಹೊದಿಕೆಯೊಳಗೆ ಉಳಿದರೆ ಆ ಕ್ಷಣಕ್ಕೆ ನೆಮ್ಮದಿ. ಆದರೆ ಸಂತೋಷ ತರಬಹುದಾದ ಕೆಲಸಗಳೂ ಜನರೂ ದೂರವಾಗಿ ಮನಸ್ಸು ಮತ್ತಷ್ಟು ಕುಗ್ಗುತ್ತದೆ. ಆದಕಾರಣ ಕೆಲಸವೇ ಮೊದಲು, ಉತ್ಸಾಹ ಆಮೇಲೆ. ಇದೇ ತತ್ತ್ವದ ಮೇಲೆ ರೂಪಿಸಿದ ಚಿಕಿತ್ಸೆಯೊಂದನ್ನು ನೆರೆಯ ಗೋವೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷಿಸಲಾಯಿತು. ಅದನ್ನು ನೀಡಿದವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ಫಲಿತಾಂಶದಂತೆ, ಮೂರು ತಿಂಗಳ ಅನಂತರ ಈ ಚಿಕಿತ್ಸೆ ಪಡೆದವರಲ್ಲಿ ಶೇಕಡ 64 ಮಂದಿಯ ಲಕ್ಷಣಗಳು ಶಮನವಾಗಿದ್ದವು. ಕೇಂದ್ರದ ವೈದ್ಯರ ಆರೈಕೆಯನ್ನು ಮಾತ್ರ ಪಡೆದವರಲ್ಲಿ ಶೇಕಡ 39 ಮಂದಿಯವು.

ಹಾಗೆಂದು ನಾಲ್ಕು ಗಂಟೆಗೆ ಎದ್ದು ತಣ್ಣೀರು ಮೀಯುವ ವೀರವ್ರತ ಬೇಡ. ಅಂಥ ಪಟ್ಟಿಗಳು ಮೂರನೆಯ ದಿನ ಮುರಿದು, ರೋಗಿಗೆ ತನ್ನ ಮೇಲೆ ಇನ್ನೊಂದು ಆರೋಪ ದೊರೆಯುತ್ತದೆ. ನಿಗದಿಯಾದ ವೇಳೆಗೆ ಎದ್ದು ಕೂರುವುದು, ಕಿಟಕಿ ತೆರೆಯುವುದು, ಅಂಗಳದ ಬೆಳಕಿನಲ್ಲಿ ಹತ್ತು ನಿಮಿಷ ನಿಲ್ಲುವುದು—ಮೊದಲ ವಾರಕ್ಕೆ ಇಷ್ಟು ಧಾರಾಳ. ಪಟ್ಟಿಯನ್ನು ಮನಸ್ಸು ಹಗುರವಾಗಿರುವ ಸಂಜೆಯಲ್ಲೇ ಬರೆದಿಡಬೇಕು. ಬೆಳಿಗ್ಗೆ ಯೋಚಿಸಲು ಕುಳಿತರೆ ಖಿನ್ನತೆಯೇ ತೀರ್ಪು ಕೊಡುತ್ತದೆ.

ದಿನಚರಿಯು ಔಷಧಕ್ಕೆ ಬದಲಿಯಲ್ಲ. ವೈದ್ಯರು ಕೊಟ್ಟ ಮಾತ್ರೆಗಳನ್ನು ತಾನಾಗಿ ನಿಲ್ಲಿಸಕೂಡದು. ಸಾಯುವ ಯೋಚನೆ ಸುಳಿದರಂತೂ ಅಂದೇ ವೈದ್ಯರನ್ನು ಕಾಣಬೇಕು. ಭಾರತ ಸರ್ಕಾರದ ಟೆಲಿ-ಮಾನಸ್ ದೂರವಾಣಿ 14416 ಹಗಲಿರುಳೂ ತೆರೆದಿರುತ್ತದೆ. ಪಟ್ಟಿಯಲ್ಲಿ ಏಳು ಗಂಟೆಯ ಕೆಲಸ ತಪ್ಪಿತೆ? ಅದನ್ನು ಬಿಟ್ಟು ಎಂಟು ಗಂಟೆಯದನ್ನು ಹಿಡಿಯತಕ್ಕದ್ದು.