ಮರಿ ಟ್ಯಾರಂಟುಲಾ ಏಕೆ ಉಣ್ಣುವುದಿಲ್ಲ?

ಟ್ಯಾರಂಟುಲಾ ಮರಿ ಸಾಕುವವರನ್ನು ಮೊದಲು ಕಾಡುವುದು ಊಟದ ಚಿಂತೆ. ಮೊನ್ನೆಯವರೆಗೂ ಸಿಕ್ಕಿದ್ದರ ಮೇಲೆಲ್ಲ ಎರಗುತ್ತಿದ್ದ ಜೇಡ ಈಗ ಹುಳು ಕಾಲಿಗೆ ತಾಗಿದರೂ ಹಿಂದೆ ಸರಿಯುತ್ತದೆ. ಇದು ಕಾಯಿಲೆಯಲ್ಲ ಎಂದು ಇವತ್ತು ಧೈರ್ಯವಾಗಿ ಹೇಳಬಹುದು. ಅದರ ಹಿಂದೆ ಒಬ್ಬ ವಿಜ್ಞಾನಿಯ ದಶಕಗಳ ತಾಳ್ಮೆಯಿದೆ.

ವಿಲಿಯಂ ಬೇರ್ಗ್ ಅಮೆರಿಕದ ಅರ್ಕಾನ್ಸಾ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಬ್ಲ್ಯಾಕ್ ವಿಡೋ ಜೇಡದ ವಿಷ ಎಷ್ಟು ಘೋರವೆಂದು ತಿಳಿಯಲು 1922ರಲ್ಲಿ ತಮ್ಮ ಬೆರಳಿಗೇ ಕಚ್ಚಿಸಿಕೊಂಡು ಆಸ್ಪತ್ರೆ ಸೇರಿದರು. ಅವರ ಹೆಸರು ಕೇಳಿದರೆ ಜನ ನೆನೆಯುವುದು ಈ ಸಾಹಸವನ್ನೇ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಟ್ಯಾರಂಟುಲಾಗಳನ್ನು ಸಾಕುತ್ತ, ಅವು ಪೊರೆ ಕಳಚುವುದನ್ನು ಗಮನಿಸುತ್ತ ವರ್ಷಗಟ್ಟಲೆ ಕಾದ ಅವರ ಕೆಲಸ. 1928ರಲ್ಲಿ ಗಂಡು ಟ್ಯಾರಂಟುಲಾದ ಜೀವನಚಕ್ರದ ಬಗ್ಗೆ ಬರೆದರು. 1958ರಲ್ಲಿ ಇಡೀ ಪುಸ್ತಕವನ್ನೇ ತಂದರು. ಅರ್ಕಾನ್ಸಾದ ಈ ಜೇಡ ಪ್ರಾಯಕ್ಕೆ ಬರಲು ಸುಮಾರು 10 ವರ್ಷ ಬೇಕು, ಹೆಣ್ಣು 20 ವರ್ಷ ದಾಟಿಯೂ ಬದುಕುತ್ತದೆ ಎಂಬುದು ಜಗತ್ತಿಗೆ ತಿಳಿದದ್ದು ಹೀಗೆ. ಇಷ್ಟು ನಿಧಾನವಾಗಿ ಬೆಳೆಯುವ ಜೀವಕ್ಕೆ ದಿನದಿನದ ಊಟ ಬೇಕಿಲ್ಲ. ದೊಡ್ಡ ಜೇಡಗಳಂತೂ ತಿಂಗಳುಗಟ್ಟಲೆ ಉಪವಾಸವಿದ್ದೂ ಸೊರಗುವುದಿಲ್ಲ.

ಮರಿಗಳ ಉಪವಾಸಕ್ಕೆ ಮುಖ್ಯ ಕಾರಣ ಪೊರೆ. ಎಳೆಯ ಜೇಡ ವರ್ಷದಲ್ಲಿ ಹಲವು ಸಲ ಪೊರೆ ಬಿಡುತ್ತದೆ. ಆಗ ಕಳಚುವುದು ಮೈಮೇಲಿನ ಚಿಪ್ಪಷ್ಟೇ ಅಲ್ಲ. ಕೋರೆಹಲ್ಲು, ಗಂಟಲು, ಆಹಾರದ ರಸ ಹೀರುವ ಜಠರದ ಒಳಪದರವೂ ಅದರೊಂದಿಗೇ ಬರುತ್ತದೆ. ತಿನ್ನುವ ಸಲಕರಣೆಯೇ ಬದಲಾಗುತ್ತಿರುವಾಗ ತಿನ್ನುವುದೆಂತು? ಪೊರೆ ಬಿಡುವ ಹೊತ್ತು ಬಂದದ್ದು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ: ಹೊಟ್ಟೆ ಉಬ್ಬಿ ಬಿಗಿದು ಹೊಳೆಯುತ್ತದೆ, ಹಿಂಬದಿ ಕಪ್ಪಾಗುತ್ತದೆ, ಎಷ್ಟೋ ಸಲ ಬಿಲದ ಬಾಯಿಗೆ ರೇಷ್ಮೆಯ ಪರದೆ ಬೀಳುತ್ತದೆ. ಆಗ ಜೀವಂತ ಹುಳುವನ್ನು ಡಬ್ಬಿಯಲ್ಲಿ ಬಿಡಲೇಬಾರದು. ಪೊರೆ ಬಿಡುತ್ತ ಮಲಗಿದ ಮರಿಗೆ ಓಡಲೂ ಆಗದು, ಕಾದಾಡಲೂ ಆಗದು. ಹುಳುವೇ ಅದನ್ನು ಕಡಿದು ತಿಂದೀತು. ನೀರು ಮಾತ್ರ ತಪ್ಪಬಾರದು.

ಪೊರೆ ಬಿಟ್ಟ ಮೇಲೂ ಅವಸರ ಬೇಡ. ಹೊಸ ಕೋರೆಹಲ್ಲು ಮೊದಲು ಬಿಳಿ, ಮೆತ್ತಗೆ. ಆಮೇಲೆ ಕೆಂಪಾಗಿ, ಕೊನೆಗೆ ಕಪ್ಪಾಗಿ ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಕಾಯಬೇಕು.

ಸಾಕುವವರು ಕಂಡುಕೊಂಡ ಇನ್ನೊಂದು ಸಂಗತಿಯೂ ಇದೆ. ತೀರಾ ಸಣ್ಣ ಮರಿ ಓಡಾಡುವ ಹುಳುವಿಗೆ ಹೆದರಿದರೂ ಸತ್ತದ್ದನ್ನು ಬಿಡುವುದಿಲ್ಲ. ಆಗಷ್ಟೇ ಕೊಂದ ಮಿಡತೆಯ ತೊಡೆಯನ್ನು ಸಂಜೆ ಬಿಲದ ಬಳಿ ಇಟ್ಟರೆ ಮರಿ ಮುಂಗಾಲಿನಿಂದ ಮುಟ್ಟಿ ನೋಡಿ ಎಳೆದುಕೊಳ್ಳುತ್ತದೆ. ಜಗಿಯುತ್ತ ಅದರ ಮೇಲೆ ಜೀರ್ಣರಸ ಸುರಿದು, ಕರಗಿದ್ದನ್ನು ಹೀರಿ, ಒಂದು ಚಿಕ್ಕ ಒಣ ಉಂಡೆಯನ್ನಷ್ಟೇ ಉಳಿಸುತ್ತದೆ. ಮುಟ್ಟದೇ ಬಿಟ್ಟಿದ್ದರೆ ಮರುದಿನವೇ ತೆಗೆದುಬಿಡಬೇಕು, ಇಲ್ಲವಾದರೆ ಬೂಸ್ಟು ಹಿಡಿಯುತ್ತದೆ.